ಹದಿನೈದನೇ ಅಂಕಿ

ಉತ್ತತ್ತಿ ಎಸೆಯಲು ಅವ್ವ ಎರಡೂ ಕೈ ಮೇಲೆತ್ತಿದ್ದಳು. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ನಾಲ್ಕು ಉತ್ತತ್ತಿ. ಶರಣಬಸವೇಶ್ವರರ ತೇರು ನಮ್ಮ ಮುಂದೆಯೇ ಬಂದಿತ್ತು. ಎಸೆದು, ಕೈಮುಗಿದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೆಗಲ ಚೀಲದ ಜಿಪ್ಪು ಅರ್ಧ ತೆರೆದಿತ್ತು. ಒಳಗೆ ಕುಂಕುಮದ ಪೊಟ್ಟಣ ಇತ್ತು. ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡ್ ಇತ್ತು. ಕರ್ಚೀಫಿನಲ್ಲಿ ಗಂಟು ಕಟ್ಟಿದ ಚಿಲ್ಲರೆಯೂ ಇತ್ತು. ಫೋನ್ ಇರಲಿಲ್ಲ.

2025ರ ಮಾರ್ಚ್ ಅದು. ಕಲಬುರಗಿಯವರಿಗೆ ಹೇಳಬೇಕಿಲ್ಲ, ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ಅಪ್ಪನ ಗುಡಿಯ ತೇರು. ಲಕ್ಷಗಟ್ಟಲೆ ಜನ ಸೇರುತ್ತಾರೆ. ಮಹಾರಾಷ್ಟ್ರ, ತೆಲಂಗಾಣದಿಂದಲೂ ಬರುತ್ತಾರೆ. ಆ ಜನದಲ್ಲಿ ಯಾರನ್ನ ಕೇಳೋದು?

ನನ್ನ ಫೋನಿನಿಂದ ಕರೆ ಮಾಡಿದೆ. ಎರಡು ಸಲ ರಿಂಗ್ ಆಯಿತು. ಮೂರನೇ ಸಲಕ್ಕೆ ಸ್ವಿಚ್ ಆಫ್. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೋತಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳಿಗಿ ಮುನ್ನೂರು ರೊಟ್ಟಿ ಕೊಡೋದದ. ಯಾರಿಗಿ ಎಷ್ಟು ಅಂತ ಫೋನಿನ್ಯಾಗೇ ಅದ" ಅಂದಳು.

ಅವ್ವನ ಕೆಲಸ ಜೋಳದ ರೊಟ್ಟಿ. ಬೆಳಗಿನ ಜಾವ ನಾಲ್ಕೂವರೆಗೆ ಒಲೆ ಹಚ್ಚುತ್ತಾಳೆ. ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ಬಂದು ಸೇರುತ್ತಾರೆ. ಬಿಸಿ ರೊಟ್ಟಿ ಖಾನಾವಳಿಗಳಿಗೆ, ಖಡಕ್ ರೊಟ್ಟಿ ಪುಣೆ, ಬೆಂಗಳೂರಿನಲ್ಲಿರುವ ನಮ್ಮ ಕಡೆಯವರಿಗೆ. ಅವ್ವನಿಗೆ ಅಕ್ಷರ ಬರೆಯೋದು ಕಷ್ಟ. ಅಂಕಿ ಮಾತ್ರ ಚೆನ್ನಾಗಿ ಬರುತ್ತವೆ. ಹಾಲಿನ ಲೆಕ್ಕ, ಹಿಟ್ಟಿನ ಗಿರಣಿ ಲೆಕ್ಕ ಎಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ಲಿನಲ್ಲಿ ಇರುತ್ತದೆ. ಆದರೆ ಆರ್ಡರ್ ಎಲ್ಲ ವಾಟ್ಸಾಪಿನ ಧ್ವನಿಯಲ್ಲೇ. "ಅಕ್ಕಾರ, ನಾಡದು ಐವತ್ತು ಜಾಸ್ತಿ ಬೇಕ್ರಿ" ಅಂತ ಯಾರೋ ಹೇಳಿದ್ದನ್ನು ರೊಟ್ಟಿ ಬಡಿಯುತ್ತಲೇ ಕೇಳುತ್ತಾಳೆ. ಹಿಟ್ಟಿನ ಕೈಯಲ್ಲೇ ಫೋನ್ ಒತ್ತುತ್ತಾಳೆ. ಹಾಗಾಗಿ ಆ ಫೋನಿನ ಕೆಳಗಿನ ಸ್ಪೀಕರ್ ತೂತುಗಳಲ್ಲಿ ಯಾವಾಗಲೂ ಜೋಳದ ಹಿಟ್ಟು ಕೂತಿರುತ್ತಿತ್ತು. ನಾನು ಸೂಜಿಯಿಂದ ಕೆದಕಿ ತೆಗೆದರೂ ವಾರದೊಳಗೆ ಮತ್ತೆ ಅಷ್ಟೇ.

ಒಂಬತ್ತು ಸಾವಿರದ ಫೋನ್ ಅದು. ಆದರೆ ಅವ್ವನ ಮಟ್ಟಿಗೆ ಅದೇ ಅಂಗಡಿ, ಅದೇ ಖಾತೆ ಪುಸ್ತಕ, ಅದೇ ಗಲ್ಲಾ ಪೆಟ್ಟಿಗೆ.

ಗಲ್ಲಾ ಪೆಟ್ಟಿಗೆಯ ಚಿಂತೆ ನನಗೆ ಮೊದಲು ಬಂತು. ನಾನು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಫೋನ್ ಹೋದ ಮೇಲೆ ಬ್ಯಾಂಕಿನ ಹಣವೂ ಹೋಯಿತು ಅಂತ ಅಳುತ್ತಾ ಬಂದವರನ್ನು ನೋಡಿದ್ದೇನೆ. ಅದಕ್ಕೇ ತೇರಿನ ಜಾಗದಿಂದ ಹೊರಗೆ ಬರುತ್ತಲೇ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಯುಪಿಐ ನಿಲ್ಲಿಸಿದೆ. ಇದನ್ನು ಓದುತ್ತಿರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಫೋನ್ ಹುಡುಕುವ ಮೊದಲು ಹಣ ಕಾಯಿರಿ. ಹಣ ಆಗಲೇ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಯಬಹುದು.

ಇನ್ನು ಸಿಮ್ ನಿಲ್ಲಿಸಬೇಕಿತ್ತು. ಇಲ್ಲಿ ನಮಗೆ ಮೊದಲ ಪೆಟ್ಟು ಬಿತ್ತು. ಅವ್ವನ ಸಿಮ್ ಅವ್ವನ ಹೆಸರಲ್ಲಿ ಇರಲಿಲ್ಲ. ನನ್ನ ತಮ್ಮನ ಹೆಸರಲ್ಲಿತ್ತು. ಯಾವತ್ತೋ ಅವನು ತಂದುಕೊಟ್ಟಿದ್ದು, ಹಾಗೇ ನಡೆದುಕೊಂಡು ಬಂದಿತ್ತು. ಅವನು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನೇ ಅಲ್ಲಿಂದ ಫೋನ್ ಮಾಡಿ ಸಿಮ್ ನಿಲ್ಲಿಸಿದ. ಅದೇ ನಂಬರಿನ ಬದಲಿ ಸಿಮ್ ಬೇಕಾದರೆ ಅವನೇ ಖುದ್ದಾಗಿ ಬಂದು ಆಧಾರ್ ಕೊಟ್ಟು ಹೆಬ್ಬೆಟ್ಟು ಒತ್ತಬೇಕು ಅಂದರು. ಶನಿವಾರ ರಾತ್ರಿ ರೈಲು ಹತ್ತಿ ಬಂದ.

ನಮ್ಮ ಭಾಗದಲ್ಲಿ ಇದು ಎಷ್ಟು ಮನೆಗಳ ಕತೆ! ಗಂಡನ ಹೆಸರಿನ ಸಿಮ್ ಹೆಂಡತಿಯ ಕೈಯಲ್ಲಿ, ಮಗನ ಹೆಸರಿನದು ತಾಯಿಯ ಕೈಯಲ್ಲಿ. ತೀರಿಹೋದ ಅಪ್ಪನ ಹೆಸರಿನ ಸಿಮ್ಮನ್ನೇ ವರ್ಷಗಟ್ಟಲೆ ಬಳಸುತ್ತಿರುವವರೂ ನನ್ನ ಅಂಗಡಿಗೆ ಬಂದಿದ್ದಾರೆ. ಎಲ್ಲ ಸರಿ ಇರುವವರೆಗೆ ಯಾರಿಗೂ ಇದರ ನೆನಪಾಗುವುದಿಲ್ಲ. ಕಳೆದ ದಿನ ಮಾತ್ರ ಆ ನಂಬರ್ ನಮ್ಮದಲ್ಲ ಅಂತ ಗೊತ್ತಾಗುತ್ತದೆ. ಸಂಚಾರ್ ಸಾಥಿ ಎಂಬ ಸರ್ಕಾರಿ ಜಾಲತಾಣದಲ್ಲಿ ನಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ನೋಡಬಹುದು. ನೋಡಿ, ಸಾಧ್ಯವಾದರೆ ಬಳಸುವವರ ಹೆಸರಿಗೇ ಮಾಡಿಸಿ.

ಮರುದಿನ ಠಾಣೆಗೆ ಹೋದೆವು. ಅವ್ವ ಹೊರಗೆ ಗೋಡೆಯ ಪಕ್ಕ ನಿಂತುಬಿಟ್ಟಳು. ಠಾಣೆಯ ಮೆಟ್ಟಿಲು ಹತ್ತೋದು ಅಂದರೆ ಏನೋ ತಪ್ಪು ಮಾಡಿದ ಹಾಗೆ ಅಂತ ಅವಳ ಭಾವನೆ. ಕರೆದುಕೊಂಡು ಒಳಗೆ ಹೋದೆ. ಅಲ್ಲಿದ್ದವರು "ಕಳಕೊಂಡದ್ದು ಅಂತ ಬರೀರಿ" ಅಂದರು. ಅವ್ವ ಮೆಲ್ಲಗೆ, "ಕಳಕೊಂಡಿಲ್ಲ ಸಾಹೇಬ್ರ, ಯಾರೋ ತಗೊಂಡಾರ" ಅಂದಳು.

ಈ ಎರಡು ಮಾತಿನ ನಡುವೆ ದೊಡ್ಡ ಅಂತರ ಇದೆ. ಕಳವು ಅಂದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್, ಎಫ್‌ಐಆರ್, ತನಿಖೆ. ಆಮೇಲೆ ಫೋನ್ ಸಿಕ್ಕರೂ ಕೋರ್ಟಿನ ಮೂಲಕ ಬಿಡಿಸಿಕೊಳ್ಳಬೇಕು. ಕಳೆದುಹೋಗಿದೆ ಅಂದರೆ ಒಂದು ಅರ್ಜಿ, ಒಂದು ಸ್ವೀಕೃತಿ, ಸಿಕ್ಕ ದಿನ ಸಹಿ ಹಾಕಿ ಒಯ್ಯಬಹುದು. ಬಡವರಿಗೆ ಎರಡನೆಯದೇ ಸುಲಭ ಅನ್ನುವ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ನಾವೂ ಕೊನೆಗೆ ಹಾಗೇ ಬರೆದುಕೊಟ್ಟೆವು. ಆದರೂ ಆವತ್ತಿನಿಂದ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ. ಕದ್ದವನೊಬ್ಬ ಇದ್ದ. ನಮ್ಮ ಕಾಗದದಲ್ಲಿ ಅವನು ಇಲ್ಲ. ಪೊಲೀಸರು ಆ ಆಯ್ಕೆ ಏನು ಅಂತ ಬಿಡಿಸಿ ಹೇಳಿ, ತೀರ್ಮಾನವನ್ನು ವಸ್ತು ಕಳೆದುಕೊಂಡವರಿಗೇ ಬಿಡಬೇಕು.

ಅಲ್ಲಿದ್ದ ಒಬ್ಬ ಕಾನ್‌ಸ್ಟೇಬಲ್ ಮಾತ್ರ ತುಂಬ ತಾಳ್ಮೆಯಿಂದ ಮಾತಾಡಿದರು. "ಐಎಂಇಐ ನಂಬರ್ ತಗೊಂಡ್ ಬರ್ರಿ. ಅದಿದ್ರ ಸಿಇಐಆರ್‌ನ್ಯಾಗ ಹಾಕ್ಲಿಕ್ಕ ಬರ್ತದ. ಅದಿಲ್ದ ಏನೂ ಆಗಂಗಿಲ್ರಿ" ಅಂದರು.

ಸಿಇಐಆರ್ ಅಂದರೆ ಕಳೆದ ಫೋನನ್ನು ಬ್ಲಾಕ್ ಮಾಡಿಸುವ ಸರ್ಕಾರಿ ವ್ಯವಸ್ಥೆ. ಐಎಂಇಐ ಅಂದರೆ ಫೋನಿಗೆ ಹುಟ್ಟಿದಾಗಲೇ ಬರುವ 15 ಅಂಕಿಯ ನಂಬರ್. ಸಿಮ್ ಬದಲಾದರೂ ಅದು ಬದಲಾಗುವುದಿಲ್ಲ. ಮೊದಲ 8 ಅಂಕಿ ಯಾವ ಕಂಪನಿ, ಯಾವ ಮಾಡೆಲ್ ಅಂತ ಹೇಳುತ್ತವೆ. ಮುಂದಿನ 6 ಅಂಕಿ ಆ ಒಂದು ಫೋನಿನದೇ ಕ್ರಮಸಂಖ್ಯೆ. ಕೊನೆಯದೊಂದು ಬೇರೆ ಕೆಲಸಕ್ಕೆ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಎರಡು ಸಿಮ್ ಹಾಕುವ ಫೋನಿಗೆ ಇಂಥ ನಂಬರ್ ಎರಡು. ಈಗಲೇ ನಿಮ್ಮ ಫೋನಿನಲ್ಲಿ *#06# ಒತ್ತಿ ನೋಡಿ, ಬರುತ್ತದೆ. ನಾವು ಹಾಗೆ ಒತ್ತಿ ಬರೆದಿಟ್ಟಿರಲಿಲ್ಲ.

ವಯಸ್ಸಾದವರಿಗೆ, ಅಂದರೆ ನನ್ನ ವಯಸ್ಸಿನವರಿಗೂ, ಚೈನಾ ಸೆಟ್ಟುಗಳ ಕಾಲ ನೆನಪಿರಬಹುದು. ದೊಡ್ಡ ಸ್ಪೀಕರು, ಬಣ್ಣದ ಲೈಟು, ಕಡಿಮೆ ರೇಟು. ಎಷ್ಟೋ ಸೆಟ್ಟುಗಳಿಗೆ ಈ ನಂಬರೇ ಇರಲಿಲ್ಲ, ಇಲ್ಲವೇ ಬರೀ ಸೊನ್ನೆ. 2009ರ ನವೆಂಬರ್ 30ರ ರಾತ್ರಿಯಿಂದ ಅಂಥ ಫೋನುಗಳಿಗೆ ಕರೆ ನಿಲ್ಲಿಸಿದರು. ಐಎಂಇಐ ಅನ್ನೋ ಮಾತು ನಮ್ಮ ಊರಿನ ಮೊಬೈಲ್ ಅಂಗಡಿಗಳಲ್ಲಿ ಎಲ್ಲರ ಬಾಯಿಗೆ ಬಂದಿದ್ದು ಆಗಲೇ.

ನಂಬರ್ ಎಲ್ಲಿ ಹುಡುಕೋದು? ಬಿಲ್ಲಿನಲ್ಲಿ ಇರುತ್ತದೆ. ಬಿಲ್ ಇರಲಿಲ್ಲ. ಆಂಡ್ರಾಯ್ಡ್ ಫೋನಾದರೆ ಗೂಗಲ್ ಖಾತೆಯಲ್ಲಿ, ಫೋನ್ ಹುಡುಕುವ ಸೌಲಭ್ಯದೊಳಗೆ ಸಿಗುತ್ತದೆ. ಅವ್ವನ ಖಾತೆಯನ್ನು ಮಾಡಿಕೊಟ್ಟಿದ್ದು ಅಂಗಡಿಯ ಹುಡುಗ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಉಳಿದದ್ದು ಡಬ್ಬಿ. ಫೋನ್ ಬಂದ ರಟ್ಟಿನ ಡಬ್ಬಿ.

ಅವ್ವ ಅದನ್ನು ಎಸೆದಿರಲಿಲ್ಲ. ಗಟ್ಟಿ ಡಬ್ಬಿ ಅಂತ ಅದರಲ್ಲಿ ಸೂಜಿ, ದಾರ, ಗುಂಡಿ ಹಾಕಿ ಅಡುಗೆಮನೆಯ ಮಾಡದಲ್ಲಿ ಇಟ್ಟಿದ್ದಳು. ಪಕ್ಕದಲ್ಲೇ ಅರಿಶಿಣದ ಕರಡಿಗೆ. ಡಬ್ಬಿಯ ಬೆನ್ನಿನ ಬಿಳಿ ಚೀಟಿಯಲ್ಲಿ ಎರಡು ನಂಬರ್ ಸಾಲಾಗಿ ಇದ್ದವು. ಎರಡನೆಯದು ಪೂರ್ತಿ ಇತ್ತು. ಮೊದಲನೆಯದರಲ್ಲಿ 14 ಅಂಕಿ ಇದ್ದವು, ಕೊನೆಯದರ ಮೇಲೆ ಅರಿಶಿಣ ಎಣ್ಣೆ ಹತ್ತಿ ಕಾಗದವೇ ಎದ್ದುಹೋಗಿತ್ತು. ದೀಪಕ್ಕೆ ಹಿಡಿದು ನೋಡಿದೆವು. ಅಡ್ಡ ಹಿಡಿದು ನೋಡಿದೆವು. ಇಲ್ಲ.

ಆ ರಾತ್ರಿ ಗೊತ್ತಾದದ್ದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. 15ನೇ ಅಂಕಿ ಬರೀ ತಾಳೆ ನೋಡುವ ಅಂಕಿ. ಮೊದಲ ಹದಿನಾಲ್ಕು ಗೊತ್ತಿದ್ದರೆ ಅದನ್ನು ಲೆಕ್ಕ ಹಾಕಿಯೇ ತೆಗೆಯಬಹುದು! ಎಡಗಡೆಯಿಂದ ಎರಡನೇ, ನಾಲ್ಕನೇ, ಆರನೇ, ಹೀಗೆ ಹದಿನಾಲ್ಕನೆಯದರವರೆಗೆ ಒಂದು ಬಿಟ್ಟು ಒಂದನ್ನು ದುಪ್ಪಟ್ಟು ಮಾಡಬೇಕು. 8 ಇದ್ದರೆ 16 ಆಗುತ್ತದೆ, ಆಗ 1 ಮತ್ತು 6 ಕೂಡಿಸಿ 7 ಅಂತ ಹಿಡಿಯಬೇಕು. ಉಳಿದ ಅಂಕಿಗಳನ್ನು ಹಾಗೇ ಇಟ್ಟು ಎಲ್ಲವನ್ನೂ ಕೂಡಿಸಬೇಕು. ಆ ಮೊತ್ತ ಮುಂದಿನ ಹತ್ತಕ್ಕೆ ಮುಟ್ಟಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಅಡುಗೆಮನೆಯ ನೆಲದ ಮೇಲೆ ಕೂತು, ಹಳೇ ಪಾಸ್‌ಬುಕ್ಕಿನ ಹಿಂದೆ ಲೆಕ್ಕ ಮಾಡಿದೆ. ಮೊತ್ತ 63 ಬಂತು. ಎಪ್ಪತ್ತಕ್ಕೆ ಏಳು ಬೇಕು. ಅವ್ವ ಪಕ್ಕದಲ್ಲೇ ಕೂತು ಬೆರಳು ಮಡಚಿ ಎಣಿಸುತ್ತಿದ್ದಳು. "ಏಳು" ಅಂತ ನನಗಿಂತ ಮೊದಲು ಹೇಳಿದ್ದು ಅವಳೇ.

ಸರಿಯೋ ತಪ್ಪೋ ಅಂತ ನೋಡಲೂ ದಾರಿ ಇದೆ. ಕೆವೈಎಂ ಅಂತ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳಿಸಬೇಕು. ನಿಮ್ಮ ಮೊಬೈಲ್ ತಿಳಿಯಿರಿ ಅನ್ನೋದರ ಇಂಗ್ಲಿಷ್ ಮೊದಲಕ್ಷರಗಳು ಅವು. ಕಳಿಸಿದೆ. ಅವ್ವನ ಫೋನಿನ ಕಂಪನಿ, ಮಾಡೆಲ್ ಹೆಸರು ವಾಪಸ್ ಬಂತು.

ಭಾನುವಾರ ತಮ್ಮ ಬಂದು ಬದಲಿ ಸಿಮ್ ತೆಗೆಸಿದ. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಮೆಸೇಜ್ ಬರುವುದಿಲ್ಲ, ಕಳ್ಳರು ಬೇರೆಯವರ ಸಿಮ್ ತೆಗೆಸಿಕೊಂಡು ಒಟಿಪಿ ಕದಿಯಬಾರದು ಅಂತ ಮಾಡಿದ ನಿಯಮ. ಕಾದೆವು. ಸೋಮವಾರ ಸಂಜೆ ಅಂಗಡಿಯಲ್ಲೇ ಕೂತು ಸಿಇಐಆರ್ ಅರ್ಜಿ ತುಂಬಿದೆ. ಕಳೆದ ಜಾಗ, ದಿನ, ಠಾಣೆ, ದೂರಿನ ನಂಬರ್, ದೂರಿನ ಪ್ರತಿ, ಗುರುತಿನ ಚೀಟಿ, ಎರಡೂ ಐಎಂಇಐ. ಕೊನೆಗೆ ಒಟಿಪಿ. ಒಂದು ಕೋರಿಕೆ ಸಂಖ್ಯೆ ಬಂತು, ಅದನ್ನು ಅವ್ವ ಕ್ಯಾಲೆಂಡರಿನ ಮೇಲೆ ಬರೆದಳು. ಮರುದಿನ ಬ್ಲಾಕ್ ಆಯಿತು.

ಸಿಇಐಆರ್ ಅಂದರೆ ದೇಶದ ಎಲ್ಲ ಮೊಬೈಲ್ ಸೆಟ್ಟುಗಳ ಗುರುತಿನ ಒಂದು ಕೇಂದ್ರ ದಾಖಲೆ. ದೂರಸಂಪರ್ಕ ಇಲಾಖೆಯದು, ಕಟ್ಟಿದ್ದು ಸರ್ಕಾರದ್ದೇ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್. 2019ರಲ್ಲಿ ಮೊದಲು ಮಹಾರಾಷ್ಟ್ರದ ಕಡೆ, ಆಮೇಲೆ ದೆಹಲಿಯಲ್ಲಿ ಪ್ರಯೋಗ ಮಾಡಿದರು. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಜಾಲತಾಣದ ಜೊತೆ ಇಡೀ ದೇಶಕ್ಕೆ ಬಂತು. 2025ರ ಜನವರಿಯಲ್ಲಿ ಅದರ ಆ್ಯಪ್ ಕೂಡ ಬಂತು.

ಇದು ಕೆಲಸ ಮಾಡುವ ರೀತಿ ಬಹಳ ಸರಳ. ಯಾವ ಸಿಮ್ ಹಾಕಿದರೂ ಫೋನ್ ಟವರಿಗೆ ತನ್ನ ಐಎಂಇಐ ಹೇಳಲೇಬೇಕು. ಬ್ಲಾಕ್ ಪಟ್ಟಿಯಲ್ಲಿ ಆ ನಂಬರ್ ಇದ್ದರೆ ದೇಶದ ಯಾವ ಕಂಪನಿಯ ನೆಟ್‌ವರ್ಕೂ ಅದನ್ನು ಒಳಗೆ ಬಿಡುವುದಿಲ್ಲ. ಕರೆ ಇಲ್ಲ, ಡೇಟಾ ಇಲ್ಲ. ವೈಫೈ ಮಾತ್ರ ನಡೆಯುತ್ತದೆ. ಜೊತೆಗೆ ಯಾವ ನಂಬರಿನ ಸಿಮ್ ಹಾಕಿದರು ಅನ್ನೋ ಮಾಹಿತಿ ಠಾಣೆಗೆ ಹೋಗುತ್ತದೆ. ನಮಗೆ ಜಾಗ ತೋರಿಸುವುದಿಲ್ಲ. ಅದು ಒಳ್ಳೆಯದೇ. ಜಾಗ ಗೊತ್ತಾದರೆ ನಾವೇ ನಾಲ್ಕು ಜನ ಕಟ್ಟಿಕೊಂಡು ಹೋಗಿ ಬಾಗಿಲು ಬಡಿಯುತ್ತಿದ್ದೆವು. ಆ ಬಾಗಿಲ ಹಿಂದೆ ಯಾರಿದ್ದರು ಅಂತ ಆಮೇಲೆ ಗೊತ್ತಾಯಿತು.

ಅವ್ವ ಆ ವಾರವೆಲ್ಲ ಖಾನಾವಳಿಯಿಂದ ಖಾನಾವಳಿಗೆ ನಡೆದಳು. ಸೂಪರ್ ಮಾರ್ಕೆಟ್, ಸ್ಟೇಷನ್ ಬಜಾರ್, ಜಗತ್ ಸರ್ಕಲ್. "ನನ್ನ ಫೋನ್ ಹೋಗ್ಯಾದ, ನಿಮ್ಮದು ಎಷ್ಟು ರೊಟ್ಟಿ ಹೇಳ್ರಿ" ಅಂತ ಕೇಳುತ್ತಾ. ಕೆಲವರು ಅಷ್ಟರಲ್ಲಿ ಬೇರೆಯವರಿಗೆ ಹೇಳಿಬಿಟ್ಟಿದ್ದರು. ಒಂದು ಮದುವೆಯ 500 ರೊಟ್ಟಿಯ ಆರ್ಡರ್ ಕೈತಪ್ಪಿತು. ಆಮೇಲೆ ಕಂತಿನಲ್ಲಿ ಬೇರೆ ಫೋನ್ ತಂದೆವು.

ನಾಲ್ಕು ತಿಂಗಳು ಸದ್ದಿಲ್ಲ. ಜುಲೈ ಕೊನೆಗೆ ಠಾಣೆಯಿಂದ ಅದೇ ಕಾನ್‌ಸ್ಟೇಬಲ್ ಫೋನ್ ಮಾಡಿದರು. "ಸಿಕ್ಕದ್ರಿ. ಅವ್ವಾರನ್ನ ಕರ್ಕೊಂಡ್ ಬರ್ರಿ."

ಈ ಸಲ ಅವ್ವ ಗೋಡೆಯ ಪಕ್ಕ ನಿಲ್ಲಲಿಲ್ಲ. ಸೀದಾ ಒಳಗೆ ಹೋದಳು.

ಒಳಗಿನ ಬೆಂಚಿನ ಮೇಲೆ ಒಬ್ಬ ಮನುಷ್ಯ ತುದಿಯಲ್ಲಿ ಕೂತಿದ್ದ. ಐವತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಟವೆಲ್, ಕಾಲಿನ ಚಪ್ಪಲಿ ಬೆಂಚಿನ ಕೆಳಗೆ ಬಿಟ್ಟಿದ್ದ. ಪಕ್ಕದಲ್ಲಿ ಕಾಲೇಜು ಸಮವಸ್ತ್ರದ ಹುಡುಗಿ, ತಲೆ ತಗ್ಗಿಸಿಕೊಂಡಿದ್ದಳು. ಜೇವರ್ಗಿ ಕಡೆಯ ಒಂದು ಹಳ್ಳಿಯವರು. ಮೇಜಿನ ಮೇಲೆ ಫೋನ್ ಇತ್ತು. ಕವರ್ ಬದಲಾಗಿತ್ತು. ಪಾರದರ್ಶಕ ಕವರಿನೊಳಗೆ ಆ ಹುಡುಗಿ ಪಿಯುಸಿಯ ವೇಳಾಪಟ್ಟಿಯನ್ನು ಸಣ್ಣಗೆ ಬರೆದು ಮಡಚಿ ಇಟ್ಟಿದ್ದಳು.

ಅವ್ವ ಫೋನ್ ಕೈಗೆ ತೆಗೆದುಕೊಂಡು ಪರದೆ ನೋಡಲಿಲ್ಲ. ತಿರುವಿ ಕೆಳಗಿನ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಇದು ನಂದೇ. ನೋಡು, ನನ್ನ ಹಿಟ್ಟು ಇನ್ನಾ ಇಲ್ಲೇ ಅದ" ಅಂದಳು.

ಸ್ಪೀಕರಿನ ತೂತುಗಳಲ್ಲಿ ಬಿಳಿಯ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಒಳಗಿನದೆಲ್ಲ ಅಳಿಸಿಹಾಕಿದ್ದರು. ಫೋಟೋ, ಧ್ವನಿ, ನಂಬರ್ ಒಂದೂ ಇರಲಿಲ್ಲ. ಕಾನ್‌ಸ್ಟೇಬಲ್ ಐಎಂಇಐ ತಾಳೆ ನೋಡಿದರು. ಎರಡೂ ಸರಿ ಇದ್ದವು, ಆ 7 ಕೂಡ.

ಆ ಮನುಷ್ಯ ಎದ್ದು ನಿಂತು ಅವ್ವನಿಗೆ ಕೈ ಮುಗಿದ. "ಕಳುವಿಂದು ಅಂತ ಗೊತ್ತಿದ್ರ ಮುಟ್ತಿದ್ದಿಲ್ರಿ ಅಕ್ಕಾರ. ನಾಲ್ಕೂವರೆ ಸಾವಿರ ಎಣಿಸಿ ಕೊಟ್ಟೀನ್ರಿ. ಮಗಳು ಪಾಠ ನೋಡ್ಬೇಕು ಅಂದಿದ್ಳು."

ಜಾತ್ರೆಯಾಗಿ ಎರಡು ದಿನಕ್ಕೆ ಕಲಬುರಗಿಗೆ ಬಂದಾಗ ದಾರಿಯ ಮೇಲೆ ಒಬ್ಬ ಹುಡುಗ ಮಾರಿದ್ದನಂತೆ. ಬಿಲ್ ಊರಲ್ಲಿದೆ, ಆಮೇಲೆ ಕೊಡುತ್ತೇನೆ ಅಂದಿದ್ದನಂತೆ. ತೊಗರಿ ಮಾರಿದ ಹಣ. ನಾಲ್ಕು ದಿನ ಫೋನ್ ನಡೆಯಿತು, ಐದನೇ ದಿನ ನೆಟ್‌ವರ್ಕ್ ಹೋಯಿತು. ಸಿಮ್ ಕೆಟ್ಟಿದೆ ಅಂತ ಬೇರೆ ಸಿಮ್ ಹಾಕಿದರು. ಮನೆಯವರ ಸಿಮ್, ಅಳಿಯನ ಸಿಮ್, ಎಲ್ಲ ಹಾಕಿ ನೋಡಿದರು. ರಿಪೇರಿ ಅಂಗಡಿಗೂ 300 ರೂಪಾಯಿ ಕೊಟ್ಟರು. ಕೊನೆಗೆ ಪಕ್ಕದ ಮನೆಯ ಹುಡುಗನ ಹಾಟ್‌ಸ್ಪಾಟ್ ಹಿಡಿದು ಆ ಹುಡುಗಿ ಪಾಠ ನೋಡುತ್ತಿದ್ದಳು. ಅವರು ಹಾಕಿ ನೋಡಿದ ಸಿಮ್ಮುಗಳ ಜಾಡು ಹಿಡಿದೇ ಪೊಲೀಸರು ಅವರ ಊರು ಮುಟ್ಟಿದ್ದರು.

ನಾಲ್ಕು ತಿಂಗಳು ನಾನು ಒಬ್ಬ ಕಳ್ಳನ ಮುಖವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಎದುರಿಗೆ ಬಂದದ್ದು ಈ ಮನುಷ್ಯ. ನಮ್ಮ ಹಾಗೇ ಕಷ್ಟಪಟ್ಟು ದುಡಿದ ಹಣ ಕೊಟ್ಟು, ಮೋಸ ಹೋಗಿ, ಈಗ ಮಗಳ ಮುಂದೆ ಠಾಣೆಯಲ್ಲಿ ಕೂತವನು. ಅವನ ಹಣ ವಾಪಸ್ ಬರಲಿಲ್ಲ. ಮಾರಿದವನು ಯಾರು ಅಂತ ಅವನಿಗೆ ಹೇಳಲು ಆಗಲಿಲ್ಲ. ಪೊಲೀಸರು ಅವನ ಮೇಲೆ ಕೇಸು ಹಾಕಲಿಲ್ಲ, ಹೇಳಿಕೆ ಬರೆದುಕೊಂಡು ಕಳಿಸಿದರು. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ಅವ್ವ ಆ ಹುಡುಗಿಯ ಪಕ್ಕ ಹೋಗಿ ಕೂತಳು. "ಏನ್ ಓದ್ತಿ ತಾಯಿ?" ಅಂದಳು. ಹುಡುಗಿ ವಿಜ್ಞಾನ ಅಂದಳು. ಕವರಿನೊಳಗಿನ ವೇಳಾಪಟ್ಟಿಯ ಚೀಟಿಯನ್ನು ಅವ್ವ ಹುಷಾರಾಗಿ ತೆಗೆದು ಅವಳ ಕೈಗೆ ಕೊಟ್ಟಳು. ಬರುವಾಗ ಚೀಲದಲ್ಲಿ ಖಡಕ್ ರೊಟ್ಟಿಯ ಒಂದು ಕಟ್ಟು ಇತ್ತು, ಕಾನ್‌ಸ್ಟೇಬಲ್‌ಗೆ ಅಂತ ತಂದದ್ದು. ಅವರು ಬೇಡ ಅಂದಿದ್ದರು. ಅದನ್ನೂ ಆ ಹುಡುಗಿಗೇ ಕೊಟ್ಟಳು. ನಾನು ನನ್ನ ನಂಬರ್ ಬರೆದುಕೊಟ್ಟೆ. ಮುಂದೆ ಹಳೇ ಫೋನ್ ತಗೊಳ್ಳೋ ಮೊದಲು ನನಗೊಂದು ಫೋನ್ ಮಾಡ್ರಿ ಅಂದೆ.

ಯಾಕೆಂದರೆ ಆ ಮನುಷ್ಯನನ್ನು ಉಳಿಸಬಹುದಾಗಿದ್ದ ಸಾಧನವೂ ಅದೇ 15 ಅಂಕಿ. 14422ಕ್ಕೆ ಕಳಿಸುವ ಆ ಮೆಸೇಜು ಹಳೇ ಫೋನ್ ಕೊಳ್ಳುವವರಿಗೂ ಇದೆ. ಬ್ಲ್ಯಾಕ್‌ಲಿಸ್ಟ್ ಆಗಿದೆ, ಡುಪ್ಲಿಕೇಟ್ ಇದೆ, ಈಗಾಗಲೇ ಬೇರೆಡೆ ಬಳಕೆಯಲ್ಲಿದೆ ಅಂತ ಉತ್ತರ ಬಂದರೆ ಆ ಫೋನ್ ಮುಟ್ಟಬಾರದು. ನಿಜ, ಅವನು ಕೊಂಡ ದಿನ ನಮ್ಮ ಫೋನ್ ಇನ್ನೂ ಬ್ಲಾಕ್ ಆಗಿರಲಿಲ್ಲ. ಆ ದಿನ ಮೆಸೇಜ್ ಕಳಿಸಿದ್ದರೂ ಎಲ್ಲ ಸರಿ ಅಂತಲೇ ಬರುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಿಮ್ ಅವ್ವನ ಹೆಸರಲ್ಲಿದ್ದು, ನಂಬರ್ ಕ್ಯಾಲೆಂಡರಿನ ಮೇಲೆ ಬರೆದಿದ್ದರೆ ಮೂರ್ನಾಲ್ಕು ದಿನ ಮೊದಲೇ ಬ್ಲಾಕ್ ಆಗುತ್ತಿತ್ತು. ನಮ್ಮ ಮನೆಯ ತಡ ಜೇವರ್ಗಿ ಕಡೆಯ ಆ ಮನೆಗೂ ಹೋಗಿ ಮುಟ್ಟಿತು.

ಡುಪ್ಲಿಕೇಟ್ ಅನ್ನೋದು ಸಣ್ಣ ಮಾತಲ್ಲ. ಕದ್ದ ಫೋನಿನ ನಂಬರನ್ನೇ ಅಳಿಸಿ ಬೇರೆ ನಂಬರ್ ಕೂರಿಸುವವರಿದ್ದಾರೆ. 2020ರಲ್ಲಿ ಮೀರತ್ ಪೊಲೀಸರು ಒಂದೇ ಐಎಂಇಐ ಮೇಲೆ 13,000ಕ್ಕೂ ಹೆಚ್ಚು ಫೋನುಗಳು ನಡೆಯುತ್ತಿದ್ದದ್ದನ್ನು ಪತ್ತೆ ಮಾಡಿದ್ದರು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಈ ನಂಬರ್ ತಿದ್ದಿದವರಿಗೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಳೇ ಫೋನ್ ಕೊಳ್ಳುವ, ಮಾರುವ ವ್ಯವಹಾರದವರು ಮೊದಲು ಐಎಂಇಐ ತಾಳೆ ನೋಡಬೇಕು ಅಂತ 2025ರಲ್ಲಿ ನಿಯಮವೂ ಬಂದಿದೆ. ನಿಯಮ ದಾರಿಯ ಮೇಲೆ ನಿಂತು ಮಾರುವ ಹುಡುಗನವರೆಗೆ ಮುಟ್ಟೋದು ಯಾವಾಗಲೋ. ಅಲ್ಲಿವರೆಗೆ ಕೊಳ್ಳುವವರೇ ಎಚ್ಚರ ಇರಬೇಕು, ಅಲ್ವಾ?

ಕರ್ನಾಟಕ ಈ ವಿಷಯದಲ್ಲಿ ಮುಂದಿದೆ ಅನ್ನೋದು ನನಗೆ ಹೆಮ್ಮೆ. ಇಡೀ ದೇಶದಲ್ಲಿ ವಾಪಸ್ ಸಿಕ್ಕ ಫೋನುಗಳು 7 ಲಕ್ಷ ದಾಟಿವೆ, ಕರ್ನಾಟಕ, ತೆಲಂಗಾಣ ತಲಾ 1 ಲಕ್ಷ ದಾಟಿವೆ ಅಂತ 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಹೇಳಿತು. ಅದೇ ತಿಂಗಳ ಕೊನೆಗೆ, ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರಬೇಕು ಅಂತ ಕಂಪನಿಗಳಿಗೆ ಆದೇಶ ಹೋಯಿತು. ಖಾಸಗಿತನದ ಪ್ರಶ್ನೆ ಎದ್ದಿತು, ಡಿಸೆಂಬರ್ 3ರಂದು ಹಿಂದಕ್ಕೆ ತೆಗೆದುಕೊಂಡರು. ಹಿಂದಕ್ಕೆ ತೆಗೆದುಕೊಂಡದ್ದೇ ಸರಿ ಅಂತ ನನ್ನ ಅಭಿಪ್ರಾಯ. ಒಳ್ಳೆಯ ಸೌಲಭ್ಯವನ್ನು ಜನ ತಾವಾಗಿ ಕೇಳಿ ಹಾಕಿಸಿಕೊಳ್ಳಬೇಕು. ಆ್ಯಪ್ ಬೇಡವೆಂದರೆ ಜಾಲತಾಣ ಇದೆ, ಮೆಸೇಜ್ ಇದೆ. ಆದರೆ ಆ ಗದ್ದಲದಲ್ಲಿ ಕೆಲವರು ನನ್ನ ಅಂಗಡಿಗೆ ಬಂದು "ಅದರಾಗ ನಂಬರ್ ಹಾಕಿದ್ರ ಸರ್ಕಾರ ನಮ್ಮ ಮಾತು ಕೇಳ್ತದಂತಲ್ರಿ" ಅಂತ ಹೆದರಿದರು. ಫೋನ್ ಕಳೆದುಕೊಂಡವರು ಹೀಗೆ ಹೆದರಿ ಸುಮ್ಮನಾದರೆ ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಬ್ಲಾಕ್ ಮಾಡಿಸೋದಕ್ಕೂ ಮಾತು ಕೇಳೋದಕ್ಕೂ ಸಂಬಂಧವಿಲ್ಲ ಅಂತ ಕೂರಿಸಿಕೊಂಡು ಹೇಳುತ್ತೇನೆ.

ಈಗ ಅಂಗಡಿಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾವ ಅರ್ಜಿಗೆ ಬಂದರೂ ಸರಿ, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ, ಬೆಳೆ ವಿಮೆ, ಹೋಗುವ ಮೊದಲು ಅವರ ಫೋನಿನಲ್ಲಿ *#06# ಒತ್ತಿಸಿ, ಎರಡೂ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಮನೆಯ ದೇವರ ಕೋಣೆಯಲ್ಲಿಡಿ, ಪಾಸ್‌ಬುಕ್ಕಿನಲ್ಲಿಡಿ, ಫೋನಿನ ಕವರಿನಲ್ಲಿ ಮಾತ್ರ ಇಡಬೇಡಿ ಅನ್ನುತ್ತೇನೆ. ಕವರಿನಲ್ಲಿಟ್ಟರೆ ಫೋನಿನ ಜೊತೆ ಅದೂ ಹೋಗುತ್ತದೆ.

ವಾಪಸ್ ಬಂದ ಫೋನಿಗೆ ಬ್ಲಾಕ್ ತೆಗೆಸೋದೂ ಇತ್ತು. ಅದೇ ಜಾಲತಾಣದಲ್ಲಿ, ಕ್ಯಾಲೆಂಡರಿನ ಮೇಲಿದ್ದ ಕೋರಿಕೆ ಸಂಖ್ಯೆ ಹಾಕಿ ತೆಗೆಸಿದೆ. ಈಗ ಅದು ಅವ್ವನ ಜೊತೆ ರೊಟ್ಟಿ ಬಡಿಯುವ ಇಬ್ಬರಲ್ಲಿ ಒಬ್ಬರ ಕೈಯಲ್ಲಿದೆ. ಆರ್ಡರ್ ಎರಡು ಕಡೆ ಇರಲಿ ಅಂತ ಅವ್ವನೇ ಕೊಟ್ಟಳು.

ಸೆಪ್ಟೆಂಬರಿನ ಒಂದು ಸಂಜೆ ಮನೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಜೇವರ್ಗಿ ಕಡೆಯ ಆ ಮನುಷ್ಯ. ಒಂದು ಅಂಗಡಿಯಲ್ಲಿ ನಿಂತಿದ್ದೇನೆ, ಹಳೇ ಫೋನ್ ನೋಡಿದ್ದೇನೆ, ಮಗಳು ಪಕ್ಕದಲ್ಲಿದ್ದಾಳೆ ಅಂದ. "ನಂಬರ್ ಓದ್ತಾಳ್ರಿ, ಬರ್ಕೋರಿ" ಅಂದ. ನನ್ನ ಕೈಯಲ್ಲಿ ಪೆನ್ ಇರಲಿಲ್ಲ. ಅವ್ವ ಎದ್ದು ಕ್ಯಾಲೆಂಡರಿನ ಪಕ್ಕದ ಪೆನ್ಸಿಲ್ ತೆಗೆದುಕೊಂಡಳು. ನಾನು ಸ್ಪೀಕರ್ ಹಾಕಿದೆ. ಹುಡುಗಿ ಒಂದೊಂದೇ ಅಂಕಿ ಬಿಡಿಸಿ ಹೇಳಿದಳು, ಅವ್ವ ಸೆಪ್ಟೆಂಬರಿನ ಖಾಲಿ ಜಾಗದಲ್ಲಿ ಹದಿನೈದನ್ನೂ ಬರೆದಳು, ಬರೆದು ಒಂದು ಸಲ ಓದಿ ಹೇಳಿದಳು. ನಾನು ಮೆಸೇಜ್ ಕಳಿಸಿದೆ. ಅರ್ಧ ನಿಮಿಷಕ್ಕೆ ಉತ್ತರ ಬಂತು. ಕಂಪನಿ ಹೆಸರು ಸರಿ ಇತ್ತು, ಬ್ಲ್ಯಾಕ್‌ಲಿಸ್ಟ್ ಆಗಿರಲಿಲ್ಲ.

"ಹಂಗಾರ ತಗೋತೀನ್ರಿ" ಅಂದ.

ಅವ್ವ ಪೆನ್ಸಿಲ್ಲನ್ನು ದಾರಕ್ಕೆ ಸಿಕ್ಕಿಸುತ್ತಾ ಫೋನಿನ ಕಡೆ ಬಾಗಿ ಜೋರಾಗಿ ಹೇಳಿದಳು: "ಬಿಲ್ ಈಗೇ ಬರಿಸ್ಕೋ ಅಣ್ಣಾ. ಆಮ್ಯಾಲ ಅಂದ್ರ ಬಿಡಬ್ಯಾಡ."